ಬರೀ ಸೆಕೆಂಡ್ ಎಣಿಸಬೇಡಿ

ತಿ. ನರಸೀಪುರ, ನಂಜನಗೂಡಿನ ಕಡೆ ಖೋ ಖೋ ಎಂದರೆ ಈಗ ಕುರುಬೂರಿನ ಬಿ. ಚೈತ್ರಾ ಹೆಸರೇ ಮೊದಲು. 2025ರ ಜನವರಿ 19ರಂದು ದೆಹಲಿಯ ವಿಶ್ವಕಪ್ ಫೈನಲ್‌ನ ಕೊನೆಯ ಸರದಿಯಲ್ಲಿ ಅವರಿದ್ದ ಓಟಗಾರ್ತಿಯರ ಬ್ಯಾಚ್ 5 ನಿಮಿಷ 14 ಸೆಕೆಂಡ್ ಕೈಗೆ ಸಿಗಲಿಲ್ಲ. ಭಾರತ ನೇಪಾಳವನ್ನು 78–40ರಿಂದ ಮಣಿಸಿತು. ಹಾಗಂತ ತಂಡಕ್ಕೆ ಹೊಸದಾಗಿ ಆಯ್ಕೆಯಾದ ಹುಡುಗಿಯನ್ನು ಗಡಿಯಾರ ಹಿಡಿದೇ ಅಳೆಯಬೇಡಿ.

ಎಷ್ಟು ಹೊತ್ತು ಓಡಿದಳು ಎನ್ನುವುದಕ್ಕಿಂತ ಹೇಗೆ ಔಟಾದಳು ನೋಡಿ. ಅಂಕಣದ ಗೆರೆ ದಾಟುವುದು, ಕಂಬದ ಬಳಿ ಎಡವಟ್ಟು ಮಾಡಿಕೊಳ್ಳುವುದು, ಬೇಗ ಸುಸ್ತಾಗುವುದು ಎಲ್ಲವನ್ನೂ ಅಭ್ಯಾಸದಲ್ಲಿ ತಿದ್ದಬಹುದು. ಚೇಸರ್ ಒಮ್ಮೆ ದಿಕ್ಕು ಹಿಡಿದರೆ ಹಿಂದಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಟಗಾರ್ತಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಚೇಸರ್‌ನ ಭುಜ ವಾಲುತ್ತಿದ್ದಂತೆ ಸಾಲಿನಲ್ಲಿ ಕುಳಿತ ಚೇಸರ್‌ಗಳಿಬ್ಬರ ನಡುವೆ ನುಸುಳಿಬಿಡುವವಳಲ್ಲಿ ಸರಕಿದೆ. ಜೊತೆಯವಳು ಔಟಾದ ಮೇಲೂ ಗಾಬರಿಯಾಗದಿದ್ದರೆ ಇನ್ನೂ ಒಳ್ಳೆಯದು.

ಒಂದು ಪಂದ್ಯಕ್ಕೇ ತೀರ್ಪು ಬೇಡ. ತಿಂಗಳಿಗೊಮ್ಮೆ ಅದೇ ಚೇಸರ್‌ಗಳ ಎದುರು ಓಡಿಸಿ, ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಹಳೆ ತಪ್ಪು ಹೋಗಿ ಹೊಸ ತಪ್ಪು ಬಂದಿದ್ದರೆ ಅವಳು ಬೆಳೆಯುತ್ತಿದ್ದಾಳೆ. ಅದೇ ತಪ್ಪು ಉಳಿದಿದ್ದರೆ ಹುಡುಗಿಯನ್ನು ಕೈಬಿಡುವ ಮೊದಲು ಅಭ್ಯಾಸದ ಕ್ರಮವನ್ನು ಬದಲಿಸಿ ನೋಡಿ.