ಅಪ್ಪನ ಮೆಡಿಕ್ಲೇಮಿನಿಂದ ಹೊರಬೀಳುವ ಮುನ್ನ

ಮೊದಲ ಸಂಬಳ ಬಂದರೆ ಅಮ್ಮನಿಗೊಂದು ಸೀರೆ, ಮನೆದೇವರಿಗೊಂದು ಕಾಣಿಕೆ, ಉಳಿದದ್ದು ಫೋನಿನ ಕಂತಿಗೆ. ಆ ವಯಸ್ಸಿಗೆ ಅದೇ ಚೆಂದ, ತಪ್ಪೇನಿಲ್ಲ. ಆದರೆ ಮಕ್ಕಳೇ, ಅಪ್ಪನ ಬೀರುವಿನಲ್ಲಿರುವ ಮೆಡಿಕ್ಲೇಮ್ ಪಾಲಿಸಿಯನ್ನೂ ಆ ತಿಂಗಳೇ ಒಮ್ಮೆ ತೆಗೆದು ಓದಿ. ನಿಮ್ಮ ಹೆಸರು ಅದರಲ್ಲಿ ಎಲ್ಲಿಯವರೆಗೆ ಇರುತ್ತದೆ ಎಂಬುದನ್ನು ಅದರಲ್ಲೇ ಬರೆದಿರುತ್ತಾರೆ.

ಇಡೀ ಮನೆಗೆ ಒಂದೇ ಪಾಲಿಸಿಯಾಗಿರುವ ಹೆಚ್ಚಿನ ಫ್ಯಾಮಿಲಿ ಫ್ಲೋಟರ್‌ಗಳಲ್ಲಿ ಮಕ್ಕಳಿಗೆ ಜಾಗ 25 ವರ್ಷದವರೆಗೆ. ದುಡಿಮೆ ಶುರುವಾದರೆ ಅದಕ್ಕೂ ಮುಂಚೆಯೇ ಹೆಸರು ಹೋಗಬಹುದು. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಲೆಂದು 2020ರಲ್ಲಿ ತಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ, 18 ದಾಟಿದ ಮಗನೋ ಮಗಳೋ ಸ್ವಂತ ಸಂಪಾದನೆಗೆ ನಿಂತರೆ ಮುಂದಿನ ನವೀಕರಣದಲ್ಲಿ ಸೇರಿಸಿಕೊಳ್ಳುವುದಿಲ್ಲ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್‌ನಲ್ಲಿ ಮಗನಿಗೆ 25ರ ಗಡಿ. ಮಗಳಿಗೆ ವಯಸ್ಸಿನ ಗಡಿಯಿಲ್ಲ, ಮದುವೆ ಅಥವಾ ಸಂಪಾದನೆಯೇ ಗಡಿ. ಇಎಸ್‌ಐ ಎಂಬ ಕಾರ್ಮಿಕರ ವಿಮೆಯಲ್ಲಿ, ಓದುತ್ತಿರುವ ಮಗನಿಗೆ 21. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ 2010ರ ಕಾನೂನು 26 ವರ್ಷದವರೆಗೆ ಆಸರೆ ಕೊಟ್ಟಿದೆ, ಅಲ್ಲೂ ಆ ಹುಟ್ಟುಹಬ್ಬದ ಹಿಂದೆಯೇ ಹೊಸ ವಿಮೆ ಹುಡುಕುವ ಗಡಿಬಿಡಿ. ಆಯುಷ್ಮಾನ್ ಕಾರ್ಡಿಗೆ ಮಾತ್ರ ಇಂಥ ವಯಸ್ಸಿನ ಕಟ್ಟಳೆಯಿಲ್ಲ.

ಹೆಸರು ಹೋಗುವಾಗ ಯಾರೂ ಬಾಗಿಲು ತಟ್ಟಿ ಹೇಳುವುದಿಲ್ಲ. ನವೀಕರಣದ ಕಾಗದ ಬರುತ್ತದೆ, ನಾಲ್ಕು ಹೆಸರಿದ್ದಲ್ಲಿ ಮೂರಿರುತ್ತದೆ. ಅಪ್ಪ ಪ್ರೀಮಿಯಂ ಮೊತ್ತ ನೋಡಿ ದುಡ್ಡು ಕಟ್ಟಿ, ಕಾಗದವನ್ನು ಮತ್ತೆ ಬೀರುವಿಗೆ ಸೇರಿಸುತ್ತಾರೆ.

ಹೊಸ ಪಾಲಿಸಿ ಯಾವಾಗ ಬೇಕಾದರೂ ಮಾಡಿಸಬಹುದು ಎನ್ನುತ್ತೀರಿ. ಮಾಡಿಸಬಹುದು ನಿಜ, ಆದರೆ ಅಪ್ಪ ಇಷ್ಟು ವರ್ಷ ಕಟ್ಟುತ್ತ ಬಂದದ್ದರಲ್ಲಿ ದುಡ್ಡಿಗಿಂತ ಬೆಲೆಯಾದದ್ದು ಒಂದಿದೆ, ಕಾದ ವರ್ಷಗಳು. ನಿಮಗೆ ಚಿಕ್ಕಂದಿನಿಂದ ಉಬ್ಬಸವಿದೆ ಎಂದುಕೊಳ್ಳಿ. ಮೊದಲೇ ಇರುವ ಕಾಯಿಲೆಗೆ ವಿಮೆ ಕಂಪನಿ 36 ತಿಂಗಳವರೆಗೆ ಹಣ ಕೊಡದೆ ಕಾಯಿಸಬಹುದು. 2024ಕ್ಕೆ ಮುಂಚೆ ಇದು 48 ತಿಂಗಳಿತ್ತು. ಅಪ್ಪನ ಪಾಲಿಸಿಯಲ್ಲಿ ಆ ಕಾಯುವಿಕೆ ಎಂದೋ ಮುಗಿದಿದೆ. ಪಾಲಿಸಿಯಿಂದ ಹೊರಬಿದ್ದು, ವರ್ಷ ಕಳೆದು, ಹೊಸದಾಗಿ ಇನ್ನೊಂದು ಕೊಂಡಿರೋ, ಲೆಕ್ಕ ಸೊನ್ನೆಯಿಂದ ಶುರು. ಫಲಕ್ಕೆ ಬಂದ ತೆಂಗನ್ನು ಕಡಿದು ಅದೇ ಗುಂಡಿಯಲ್ಲಿ ಸಸಿ ನೆಟ್ಟ ಹಾಗೆ.

ಇದಕ್ಕೆ ದಾರಿಯಿದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಮಾಡಿಟ್ಟ ದಾರಿ. ವಯಸ್ಸು ಮೀರಿ ಹೊರಬರುವ ಮಗ ಅಥವಾ ಮಗಳು ಅದೇ ಕಂಪನಿಯಲ್ಲಿ ತನ್ನ ಹೆಸರಿನ ಪಾಲಿಸಿಗೆ ದಾಟಿಕೊಳ್ಳಬಹುದು. ಇದಕ್ಕೆ ಮೈಗ್ರೇಷನ್ ಎನ್ನುತ್ತಾರೆ. ಕಂಪನಿಯನ್ನೇ ಬದಲಿಸಿದರೆ ಅದು ಪೋರ್ಟಬಿಲಿಟಿ. ಎರಡರಲ್ಲೂ ಹಳೆಯ ವಿಮೆಯ ಮೊತ್ತದಷ್ಟಕ್ಕೆ ಕಾದ ವರ್ಷಗಳು ಜೊತೆಗೇ ಬರುತ್ತವೆ. ಅಪ್ಪನ ಕಚೇರಿಯ ಗ್ರೂಪ್ ಪಾಲಿಸಿಯಲ್ಲಿದ್ದವರಿಗೂ ಅದೇ ಕಂಪನಿಯ ಸ್ವಂತ ಪಾಲಿಸಿಗೆ ದಾಟುವ ಅವಕಾಶವಿದೆ. ಅಪ್ಪನಿಗೆ ನಿವೃತ್ತಿ ಹತ್ತಿರವಿದ್ದರೆ ಇದನ್ನು ಅವರ ಪರವಾಗಿಯೂ ನೀವೇ ವಿಚಾರಿಸಿ, ಬಹಳ ಕಡೆ ಸಂಬಳದ ಜೊತೆಗೆ ಆ ವಿಮೆಯೂ ನಿಲ್ಲುತ್ತದೆ. ಇದೆಲ್ಲ ಆಗಬೇಕಾದದ್ದು ನವೀಕರಣದ ದಿನಾಂಕಕ್ಕೆ ಮೊದಲು. ಕೊನೆಯ ವಾರದಲ್ಲಿ ಓಡಬೇಡಿ, ಎರಡು ತಿಂಗಳು ಮುಂಚೆಯೇ ಅರ್ಜಿಯ ಮಾತೆತ್ತಿ. ಏಜೆಂಟ್ ಫೋನಿನಲ್ಲಿ "ಆಗುತ್ತೆ ಸರ್" ಎಂದರೆ ಸಾಲದು, ಹಳೆಯ ವರ್ಷಗಳು ಹೊಸ ಪಾಲಿಸಿಯಲ್ಲಿ ನಮೂದಾಗಿವೆಯೇ ಎಂದು ಕಾಗದದಲ್ಲೇ ನೋಡಿ. ಪಾಲಿಸಿ ಕೈಸೇರಿದ ಮೇಲೆ ಓದಿ, ಒಪ್ಪದಿದ್ದರೆ ಹಿಂದಿರುಗಿಸಲು 30 ದಿನ ಇರುತ್ತದೆ.

"ನಮ್ಮ ಕಂಪನಿಯೇ ಇನ್ಶೂರೆನ್ಸ್ ಕೊಡುತ್ತೆ, ನನಗೇಕೆ ಬೇರೆ?" ಎಂಬುದು ನಿಮ್ಮ ವಯಸ್ಸಿನವರ ಮಾಮೂಲಿ ಮಾತು. ಕೊಡುತ್ತದೆ, ಕೆಲಸ ಇರುವಷ್ಟು ದಿನ. ಬೆಂಗಳೂರಿನಲ್ಲಿ ಮಧ್ಯಾಹ್ನದ ಮೀಟಿಂಗಿಗೆ ಕರೆದು ಸಂಜೆ ಲ್ಯಾಪ್‌ಟಾಪ್ ಇಸಿದುಕೊಳ್ಳುವ ಕಾಲವಿದು. ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ ದಿನಗಳಲ್ಲಿ ಬೈಕಿನಿಂದ ಬಿದ್ದರೆ ಬಿಲ್ಲು ಯಾರ ಹೆಸರಿಗೆ? ಚಿಕ್ಕದಾದರೂ ಸ್ವಂತದ್ದೊಂದು ಇರಲಿ. ಈ ವಯಸ್ಸಿನಲ್ಲಿ ಪ್ರೀಮಿಯಂ ಕಡಿಮೆ, ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೆ ಶೇ 18ರ ಜಿಎಸ್‌ಟಿಯೂ ಇಲ್ಲ. ಗಾರ್ಮೆಂಟ್ಸಿಗೋ ಅಂಗಡಿಗೋ ಸೇರಿ, ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ನಿಮ್ಮನ್ನೇ ನಂಬಿದ ಅಪ್ಪ ಅಮ್ಮನ ಹೆಸರನ್ನೂ ಅದಕ್ಕೆ ಸೇರಿಸಬಹುದು. ಕೇಳಿ, ಸೇರಿಸಿ.

ಪ್ರೊಪೋಸಲ್ ಫಾರಂ ತುಂಬುವಾಗ ಥೈರಾಯ್ಡ್ ಮಾತ್ರೆ, ಹಳೆಯ ಆಪರೇಷನ್, ಸಿಗರೇಟು ಯಾವುದನ್ನೂ ಮುಚ್ಚಿಡಬೇಡಿ. "ಬರೆಯದಿದ್ದರೂ ನಡೆಯುತ್ತೆ" ಎಂದು ಹೇಳುವವನಿಗೆ ಕಮಿಷನ್ ಅಂದೇ ಸಿಗುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಕ್ಲೇಮ್ ತಿರಸ್ಕಾರವಾದಾಗ ನಿಂತಿರುವುದು ನಿಮ್ಮ ಅಮ್ಮ. ಸತತ 60 ತಿಂಗಳು ದಾಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ಕೊಟ್ಟು ಕಂಪನಿ ತಕರಾರು ತೆಗೆಯುವಂತಿಲ್ಲ ಎಂಬ ನಿಯಮವಿದೆ. ಅದನ್ನು ಸುಳ್ಳು ಬರೆಯಲು ಪರವಾನಗಿ ಎಂದುಕೊಂಡರೆ ನಿಮ್ಮಷ್ಟು ದಡ್ಡರಿಲ್ಲ.

ಇಂದು ಊಟವಾದ ಮೇಲೆ ಅಪ್ಪನನ್ನು ಕೇಳಿ ಆ ಪಾಲಿಸಿ ತೆಗೆಸಿ. ನವೀಕರಣದ ತಾರೀಖು, ನಿಮ್ಮ ಹೆಸರಿನ ಮುಂದಿರುವ ವಯಸ್ಸು, ಮಕ್ಕಳ ವಯೋಮಿತಿ, ಈ ಮೂರನ್ನೂ ನೋಡಿಕೊಳ್ಳಿ. ಮುಂದಿನ ನವೀಕರಣಕ್ಕೆ ನಿಮಗೆ ವಯಸ್ಸು ಮೀರುವುದಾದರೆ ಕಂಪನಿಗೆ ಇದೇ ವಾರ ಬರೆಯಿರಿ.