ಮಲಗಿದ ಮರಿಯನ್ನು ಎಬ್ಬಿಸಬೇಡ

ಪ್ರೀತಿಯ ತಮ್ಮಾ,

ಮುಧೋಳದಿಂದ ತಂದ ನಾಯಿಮರಿ ಹಗಲು ರಾತ್ರಿ ಮಲಗಿಯೇ ಇರುತ್ತದೆ, ಇಂಥ ಸೋಮಾರಿ ಮುಂದೆ ತೋಟ ಹೇಗೆ ಕಾದೀತು ಎಂದು ಕೇಳಿದ್ದೀ. ತೆಲಸಂಗದಲ್ಲಿ ಮರಿ ಸಾಕುವ ಹುಡುಗರೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ತಾಸು ಮಲಗುತ್ತದೆ. ಮೈ ಬೆಳೆಸುವ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಎಚ್ಚರವಿದ್ದಾಗ ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದೂ ಆಗಲೇ. 2005ರಲ್ಲಿ ಅಂಚೆ ಇಲಾಖೆ ಚೀಟಿಯ ಮೇಲೆ ಅಚ್ಚು ಹಾಕಿದ ಮುಧೋಳ ನಾಯಿಯ ಆ ಉದ್ದ ಕಾಲು, ಆಳದ ಎದೆ ಬರಬೇಕಾದರೆ ಈಗ ಹೊಟ್ಟೆ ತುಂಬ ಊಟದ ಜೊತೆಗೆ ಕಣ್ತುಂಬ ನಿದ್ದೆಯೂ ಬೇಕು.

ಮಲಗಿದಾಗ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡು. ಮೊದಲು ಉಸಿರು ಒಂದೇ ಸಮ ಆಡುತ್ತದೆ. ಸ್ವಲ್ಪ ಹೊತ್ತಿಗೆ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಹೊರಳುತ್ತದೆ, ಮೀಸೆ ಅದುರುತ್ತದೆ, ಓಡುವಂತೆ ಕಾಲು ಝಾಡಿಸುತ್ತದೆ, ಸಣ್ಣಗೆ ಕುಂಯ್ ಎನ್ನುತ್ತದೆ. ಗಾಬರಿಯಾಗಿ ಅಲುಗಾಡಿಸಬೇಡ, ಅದು ಕನಸಿನ ನಿದ್ದೆ. ಬೆಚ್ಚಿ ಎದ್ದರೆ ಕಚ್ಚೀತು. ಎಬ್ಬಿಸಲೇಬೇಕಾದರೆ ದೂರದಿಂದ ಹೆಸರು ಹಿಡಿದು ಕರಿ.

ಸಂಜೆಯಾದರೆ ಮನೆ ತುಂಬ ಹುಚ್ಚೆದ್ದು ಓಡುತ್ತದೆ, ಧೋತರದ ಚುಂಗು ಜಗ್ಗುತ್ತದೆ, ಕೈ ಕಚ್ಚುತ್ತದೆ ಎಂದೂ ಬರೆದಿದ್ದೀ. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುವ ಹಾಗೆ ಇದೂ. ಆಗ ಮತ್ತೆ ಚೆಂಡು ಎಸೆದು ಆಡಿಸಬೇಡ. ಒಮ್ಮೆಗೆ ತಾಸು ಎಚ್ಚರವಿದ್ದರೆ ಸಾಕು. ಉಚ್ಚೆಗೆ ಹೊರಗೊಯ್ದು ತಂದು ಮಲಗಿಸು. ಎದ್ದ ಕೂಡಲೇ ಮತ್ತೆ ಹೊರಗೆ ಒಯ್ಯಿ. ಈ ವಯಸ್ಸಿನಲ್ಲಿ ಮೂರು ತಾಸಿನ ಮೇಲೆ ತಡೆಯಲಾರದು, ರಾತ್ರಿಯೂ ನೀನು ಏಳಬೇಕಾದೀತು. ತಾಯಿಯ ಬಿಸಿ ತಪ್ಪಿದ ಮರಿ ಮೊದಮೊದಲು ಅಳುತ್ತದೆ. ಹಿತ್ತಲಲ್ಲಿ ಕಟ್ಟಬೇಡ, ನಿನ್ನ ಹಾಸಿಗೆಯ ಹತ್ತಿರ ಹಳೆ ಕೌದಿ ಹಾಸು.

ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತು. ಹಗಲು ತಗಡಿನ ಕೆಳಗೆ ಮಲಗಿಸಬೇಡ, ಪಡಸಾಲೆಯ ತಂಪು ಮೂಲೆ ಕೊಡು, ಪಕ್ಕದಲ್ಲಿ ನೀರಿಡು. ನೆರಳಿದೆಯೆಂದು ಒಣದ್ರಾಕ್ಷಿ ಶೆಡ್ಡಿನಲ್ಲಂತೂ ಬಿಡಲೇಬೇಡ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ನಾಲ್ಕು ಕಾಳು ತಿಂದರೂ ಮೂತ್ರಪಿಂಡ ಕೆಟ್ಟೀತು. ನಿದ್ದೆಯಿಂದೆದ್ದ ಮರಿ ನೆಲದ ಮೇಲೆ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

ಎದ್ದಾಗ ಬಾಲ ಅಲ್ಲಾಡಿಸುತ್ತ ತಾಟಿನ ಕಡೆ ಓಡಿದರೆ ಎಷ್ಟು ಮಲಗಿದರೂ ಚಿಂತೆಯಿಲ್ಲ. ಎದ್ದರೂ ಮಂಕಾಗಿದ್ದು, ಅನ್ನ ಮೂಸದೆ, ವಾಂತಿ ಅಥವಾ ರಕ್ತಭೇದಿ ಮಾಡಿದರೆ ಪಾರ್ವೊ ರೋಗವಿದ್ದೀತು. ನಾಳೆ ನೋಡೋಣ ಎನ್ನದೆ ಆಗಲೇ ಪಶು ಆಸ್ಪತ್ರೆಗೆ ಒಯ್ಯಿ. ಆರರಿಂದ ಎಂಟು ವಾರದೊಳಗೆ ಶುರುವಾಗಬೇಕಾದ ಲಸಿಕೆ ಹಾಕಿಸಿದ್ದಾರೋ ಇಲ್ಲವೋ, ಮರಿ ಕೊಟ್ಟವರನ್ನು ಕೇಳಿ ತಿಳಿದುಕೋ.

ಓಣಿಯ ಹುಡುಗರು ಮರಿ ನೋಡಲು ಬಂದಾಗ ಅವರಿಗೂ ಹೇಳು: ಎದ್ದಾಗ ಬೇಕಾದಷ್ಟು ಆಡಿರಿ, ಮಲಗಿದಾಗ ಮುಟ್ಟಬೇಡಿ.

ನಿನ್ನ ಕಾಕಾ