ಸಾಣಾಪುರದ ಕೆರೆಯಲ್ಲಿ ಸೂರ್ಯಾಸ್ತದ ಚಿತ್ರ ತೆಗೆಯುವ ಬಗೆ

ಗಂಗಾವತಿ ತಾಲೂಕಿನ ಸಾಣಾಪುರದ ಕೆರೆಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿರಬಹುದು. ಆನೆಗೊಂದಿಗೆ ಸಮೀಪದಲ್ಲಿ, ಬಂಡೆಗಲ್ಲಿನ ಗುಡ್ಡಗಳ ನಡುವೆ ಇರುವ ಈ ಜಲಾಶಯಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬರುವದು. ಸಂಜೆಯ ಹೊತ್ತಿನಲ್ಲಿ ನೀರೂ ಬಂಡೆಗಳೂ ಒಂದೇ ಬಣ್ಣವನ್ನು ತಾಳುವದನ್ನು ಕಂಡವರಿಗೆ, ಅದನ್ನು ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಹುಟ್ಟುವದು ಸಹಜವು. ಆ ಆಸೆಯಿಂದ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿ, ಅದರಿಂದ ಕಲಿತ ಪಾಠವನ್ನು ಅನಂತರ ತಿಳಿಸುವೆನು.

ಹಲವು ವರ್ಷಗಳ ಹಿಂದೆ ನನ್ನ ವೃದ್ಧ ತಾಯಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಕ್ಯಾಮೆರಾದ ರೀಲಿನಲ್ಲಿ ಒಂದೇ ಚಿತ್ರಕ್ಕೆ ಸ್ಥಳವಿತ್ತು. ಮುಳುಗುವ ಸೂರ್ಯನು ಬೆನ್ನ ಹಿಂದಿರುವಂತೆ ಅವರನ್ನು ಕುಳ್ಳಿರಿಸಿ ಆ ಚಿತ್ರವನ್ನು ತೆಗೆದೆನು. ತೊಳೆದು ಬಂದಾಗ ಆಕಾಶವು ಬಹು ಅಂದವಾಗಿ ಮೂಡಿತ್ತು. ತಾಯಿಯವರ ಮುಖವು ಮಾತ್ರ ಮಸಿಯಂತೆ ಕಪ್ಪಾಗಿತ್ತು. ಅವರು ಅದನ್ನು ನೋಡಿ ನಕ್ಕು, "ಇದ್ರಾಗ ನನ್ನ ಮಾರಿ ಎಲ್ಲೈತಿ, ಯವ್ವಾ?" ಎಂದರು. ಮುಂದಿನ ಬೇಸಿಗೆಯೊಳಗೆ ಅವರು ತೀರಿಕೊಂಡರು.

ಹೀಗಾಗಲು ಕಾರಣವೇನು? ಹೊಳೆಯುವ ಆಕಾಶದಿಂದ ನೆರಳಿನ ಮುಖದ ಕಡೆಗೆ ಹೊರಳಿದಾಗ ನಮ್ಮ ಕಣ್ಣು ತನ್ನನ್ನು ತಾನೇ ಹೊಂದಿಸಿಕೊಳ್ಳುವದು. ಕ್ಯಾಮೆರಾ ಒಂದು ಚಿತ್ರಕ್ಕೆ ಒಂದೇ ಅಳತೆಯ ಬೆಳಕನ್ನು ತೆಗೆದುಕೊಳ್ಳುವದು. ಈಗಿನ ಫೋನುಗಳು ಹಲವು ಚಿತ್ರಗಳನ್ನು ಕೂಡಿಸಿ ಈ ಕೊರತೆಯನ್ನು ತಗ್ಗಿಸಿದರೂ ಪೂರ್ಣವಾಗಿ ನೀಗಲಾರವು. ಈ ಕಷ್ಟವು ಹೊಸದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಹೊಳೆಯ ಆಚೆಯ ಹಂಪೆಯಲ್ಲಿ, ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಚಿತ್ರಗಳನ್ನು ತೆಗೆದನು. ಅಂಥ ಕಾಗದಕ್ಕೆ ನೀಲಿಯ ಬೆಳಕು ಬೇಗ ತಾಗುತ್ತಿದ್ದುದರಿಂದ, ಕಲ್ಲಿನ ಕೆತ್ತನೆ ಸ್ಪಷ್ಟವಾಗುವಷ್ಟರಲ್ಲಿ ಆಕಾಶವು ಬರಿದಾದ ಬಿಳುಪಾಗಿಬಿಡುತ್ತಿತ್ತು.

ಆದುದರಿಂದ ಮೊದಲು ನಿಶ್ಚಯಿಸತಕ್ಕದ್ದು ಇದು: ನಮಗೆ ಬೇಕಾದದ್ದು ಮುಖವೋ, ಸೂರ್ಯನೋ?

ಮುಖವಾದರೆ, ಅಸ್ತಮಾನಕ್ಕೆ ಅರ್ಧ ಗಂಟೆ ಮುಂಚಿತವಾಗಿ ಹೋಗಿ, ಕುಳಿತವರನ್ನು ಪಶ್ಚಿಮದ ಬೆಳಕಿಗೆ ತುಸು ಓರೆಯಾಗಿ ತಿರುಗಿಸಿರಿ. ಆಗ ಬೆಳಕು ವಾಯುಮಂಡಲದಲ್ಲಿ ಬಹು ದೂರ ಸಾಗಿ ಬರುವದರಿಂದ, ಅದರ ನೀಲಿಯ ಅಂಶವು ಹೆಚ್ಚಾಗಿ ಚದರಿಹೋಗಿ ಕೆಂಪು ಹಳದಿಗಳು ಉಳಿಯುವವು. ಆ ಸೌಮ್ಯ ಬೆಳಕಿನಲ್ಲಿ ಮುಖದ ಒಂದೊಂದು ಗೆರೆಯೂ ಕಾಣುವದು.

ಸೂರ್ಯನಾದರೆ, ಅವನ ಪಕ್ಕದ ಆಕಾಶದಿಂದ ಬೆಳಕಿನ ಅಳತೆ ತೆಗೆದುಕೊಳ್ಳಿರಿ. ಅನೇಕ ಫೋನುಗಳಲ್ಲಿ ತೆರೆಯ ಮೇಲೆ ಆ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಸಾಕು. ಬಿಂಬದ ಅಗಲವು ಸುಮಾರು ಅರ್ಧ ಡಿಗ್ರಿ. ಅದು ದಿಗಂತವನ್ನು ಮುಟ್ಟಿದ ಮೇಲೆ ನಮ್ಮ ಸೀಮೆಯಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿನಲ್ಲಿ ಮರೆಯಾಗುವದು. ಆದುದರಿಂದ ಸ್ಥಳವನ್ನು ಮೊದಲೇ ಆರಿಸತಕ್ಕದ್ದು. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕಡೆಯ ವಾರಗಳ ಸುಮಾರಿಗೆ ಸೂರ್ಯನು ನೇರ ಪಶ್ಚಿಮದಲ್ಲಿ ಮುಳುಗುವನು. ಜೂನಿನಲ್ಲಿ ಉತ್ತರದ ಕಡೆಗೂ ಡಿಸೆಂಬರಿನಲ್ಲಿ ದಕ್ಷಿಣದ ಕಡೆಗೂ ಸರಿದಿರುವನು. ಬಿಂಬವು ಮುಳುಗಿದ ಕೂಡಲೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಬೇಡಿರಿ. ಸುಮಾರು ಇಪ್ಪತ್ತು ನಿಮಿಷಗಳ ತನಕ ಬಾನಿನಲ್ಲೂ ನೀರಿನಲ್ಲೂ ಬೆಳಕು ಉಳಿದಿರುವದು.

ಎರಡು ಎಚ್ಚರಿಕೆಗಳು. ಕ್ಯಾಮೆರಾದ ಗಾಜಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಬಾರದು, ದೃಷ್ಟಿಗೆ ಅಪಾಯವುಂಟು. ಚಿತ್ರದ ಆಸೆಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂಡೆಯ ಅಂಚಿಗೆ ಹೋಗಬಾರದು. ಮಕ್ಕಳಿಗೆ ಇದನ್ನು ಮುಂಚಿತವಾಗಿ ಹೇಳಿರಿ.

ಆ ಕಪ್ಪು ಚಿತ್ರವು ಈಗಲೂ ನನ್ನ ಬಳಿಯಲ್ಲಿದೆ. ತಲೆಯ ಮೇಲಿನ ಸೆರಗೂ ಬಾಗಿದ ಹೆಗಲೂ ಗುರುತು ಸಿಕ್ಕುವವು. ಆ ನಗೆ ಮಾತ್ರ ಅದರಲ್ಲಿಲ್ಲ. ಸಾಣಾಪುರದಲ್ಲಿ ಸೂರ್ಯನು ನಾಳೆಯೂ ಮುಳುಗುವನು. ಹಿರಿಯರೊಡನೆ ಹೋದವರು ಮೊದಲು ಅವರ ಮುಖದ ಚಿತ್ರವನ್ನು ತೆಗೆದುಕೊಳ್ಳಿರಿ.